ಅರ್ಧ ದಿನದ ಕೆಲಸಕ್ಕೂ ಇ.ಎಸ್.ಐ., ಪಿ.ಎಫ್. ಉಂಟು!

'ಪಾರ್ಟ್ ಟೈಂ ಕೆಲಸದವರಿಗೆ ಇ.ಎಸ್.ಐ. ಇಲ್ಲ, ಪಿ.ಎಫ್. ಇಲ್ಲ' ಎಂಬ ಮಾತು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ವೇದವಾಕ್ಯದಂತೆ ನಡೆದು ಬಂದಿದೆ. ಗಾರ್ಮೆಂಟ್ಸ್‌ನಲ್ಲಿ ಅರ್ಧ ದಿನ ದಾರ ಕತ್ತರಿಸುವ ಹೆಂಗಸು ಕೇಳಿದರೂ ಇದೇ ಉತ್ತರ. ಗೋದಾಮಿನಲ್ಲಿ ವಾರಕ್ಕೆ ಮೂರು ದಿನ ಮೂಟೆ ಹೊರುವವನು ಕೇಳಿದರೂ ಇದೇ ಉತ್ತರ. ಆದರೆ ಈ ಮಾತು ಶುದ್ಧ ಸುಳ್ಳು.

ಕಾನೂನು ಎಣಿಸುವುದು ತಲೆಗಳನ್ನು, ನೋಡುವುದು ಸಂಬಳವನ್ನು. ಗಡಿಯಾರವನ್ನಲ್ಲ. 10 ಮಂದಿ ದುಡಿಯುವ ಜಾಗದಲ್ಲಿ ತಿಂಗಳ ಸಂಬಳ 21,000 ರೂಪಾಯಿ ದಾಟದವರಿಗೆ ಇ.ಎಸ್.ಐ. 20 ಮಂದಿ ಇದ್ದರೆ ಪಿ.ಎಫ್. ಕೂಡ. ಅರ್ಧ ದಿನ ಬರುವವರೂ, ಕಂಟ್ರಾಕ್ಟರ್ ಕಡೆಯಿಂದ ಬಂದವರೂ ಈ ಎಣಿಕೆಗೆ ಸೇರಿದವರೇ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದ ಮೇಲೂ ಈ 10 ಮತ್ತು 20ರ ಲೆಕ್ಕ ಹಾಗೆಯೇ ಇದೆ.

ತಿಂಗಳಿಗೆ 8,000 ರೂಪಾಯಿ ಪಡೆಯುವ ಪಾರ್ಟ್ ಟೈಂ ನೌಕರರ ಲೆಕ್ಕ ನೋಡಿ. ಇ.ಎಸ್.ಐ.ಗೆ ನೌಕರರ ಪಾಲು ನೂರಕ್ಕೆ ಮುಕ್ಕಾಲು, ಅಂದರೆ 60 ರೂಪಾಯಿ. ಮಾಲೀಕರ ಪಾಲು ನೂರಕ್ಕೆ ಮೂರೂಕಾಲು, ಅಂದರೆ 260 ರೂಪಾಯಿ. ಪಿ.ಎಫ್.ಗೆ ಇಬ್ಬರೂ ನೂರಕ್ಕೆ 12ರಂತೆ 960 ಕಟ್ಟಬೇಕು. ಮಾಲೀಕರ 960ರಲ್ಲಿ 666 ಪಿಂಚಣಿಗೆ, ಮಿಕ್ಕ 294 ಪಿ.ಎಫ್. ಖಾತೆಗೆ. ಮಾಲೀಕರ ಪಾಲನ್ನೂ ನೌಕರರ ಸಂಬಳದಲ್ಲೇ ಮುರಿದುಕೊಳ್ಳುವಂತಿಲ್ಲ. ಎರಡು ಕಡೆ ದುಡಿಯುವವರು ಎರಡೂ ಕಡೆ ಅದೇ ಇ.ಎಸ್.ಐ. ನಂಬರು, ಅದೇ ಯು.ಎ.ಎನ್. ನಂಬರು ಕೊಡಬೇಕು.

ಇನ್ನು ಹಾಜರಿ ಪುಸ್ತಕದ ವಿಚಾರ. ಕಾಯಿಲೆ ಬಿದ್ದಾಗ ಇ.ಎಸ್.ಐ. ಸಂಬಳದ ನೂರಕ್ಕೆ 70ರಷ್ಟನ್ನು ವರ್ಷಕ್ಕೆ 91 ದಿನದವರೆಗೆ ಕೊಡುತ್ತದೆ. ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ವಾರಕ್ಕೆ ಮೂರು ದಿನದಂತೆ 26 ವಾರ ದುಡಿದವರಿಗೆ ಸರಿಯಾಗಿ 78 ದಿನ! ರೈಟರ್ ಒಂದು ದಿನ ಬರೆಯದೆ ಬಿಟ್ಟರೂ ಆ ಹಣ ಕೈತಪ್ಪುವ ಭಯ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಮಿಷನ್‌ಗೆ ಕೈ ಸಿಕ್ಕಿ ಪೆಟ್ಟಾದರೆ ಮಾತ್ರ ಇಂಥ ದಿನದ ಲೆಕ್ಕವಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ ಉಂಟು.

ಅಂಗಡಿಯವರ ಕಷ್ಟವೂ ಇಲ್ಲದಿಲ್ಲ. ವ್ಯಾಪಾರ ಡಲ್, ಬಾಡಿಗೆ ಜಾಸ್ತಿ. ಹತ್ತನೆಯವರ ಹೆಸರು ಬರೆದರೆ ಎಲ್ಲಿ ಸಿಕ್ಕಿಬೀಳುತ್ತೇವೋ ಎಂದು ಪುಸ್ತಕದಲ್ಲಿ ಒಂಬತ್ತಕ್ಕೇ ನಿಲ್ಲಿಸುವವರಿದ್ದಾರೆ. ಆದರೆ 20 ಜನ ಇಲ್ಲದ ಅಂಗಡಿಗೆ ಪಿ.ಎಫ್. ಕಡ್ಡಾಯವಲ್ಲ. ಇ.ಎಸ್.ಐ. ಒಂದೇ ಆದರೆ ಮೇಲಿನ ಲೆಕ್ಕದಲ್ಲಿ ತಲೆಗೆ 260, ಅಂದರೆ ಕೆಲಸದ ದಿನಕ್ಕೆ 10 ರೂಪಾಯಿ. ಒಂದು ಕಾಫಿಯ ಕಾಸೂ ಅಲ್ಲ. ಅದನ್ನು ಉಳಿಸಲು ಹೋಗಿ, ನಾಳೆ ಅಂಗಡಿಯಲ್ಲಿ ಯಾರಾದರೂ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡರೆ ಪರಿಹಾರ ಮಾಲೀಕರ ತಲೆಗೇ ಸುತ್ತಿಕೊಳ್ಳುತ್ತದೆ. ಇ.ಎಸ್.ಐ. ಕಟ್ಟಿದ್ದರೆ ಆ ಹೊಣೆ ಕಾರ್ಪೊರೇಷನ್ನಿನದು. ಕಟ್ಟುವುದರಲ್ಲಿ ಲಾಭ ಇರುವುದು ಅಂಗಡಿಯವರಿಗೇ.

ಈ ಹಣದ ಬೆಲೆ ದುಡಿಯುವವರಿಗೆ ಚೆನ್ನಾಗಿ ಗೊತ್ತು. ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು 2016ರಲ್ಲಿ ಕೇಂದ್ರ ಸರ್ಕಾರ ಹೊರಟಾಗ, ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆ ಬಂದ್ ಆದವು. ಆದೇಶ ವಾಪಸ್ಸಾಯಿತು. ಖಾತೆಯಲ್ಲಿ ಹೆಸರಿದ್ದವರು ಹಾಗೆ ಹೋರಾಡಿ ಗೆದ್ದರು. ಹೆಸರೇ ಇಲ್ಲದ ಪಾರ್ಟ್ ಟೈಂನವರು ಯಾವುದಕ್ಕೆಂದು ಹೋರಾಡಬೇಕು?

ಆದ್ದರಿಂದ ದುಡಿಯುವವರು ಸಂಬಳದ ಚೀಟಿ ಕೇಳಿ ಪಡೆಯಲಿ. ಸಂಬಳದಲ್ಲಿ ಹಿಡಿದ ಹಣ ಮುಂದಿನ ತಿಂಗಳ 15ರೊಳಗೆ ಜಮಾ ಆಗಬೇಕು. ಆಗಿದೆಯೇ ಎಂದು ಪಾಸ್‌ಬುಕ್ ನೋಡಿಕೊಳ್ಳಲಿ. ಕಂಟ್ರಾಕ್ಟರ್ ಕಟ್ಟದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕಟ್ಟಿಕೊಡಬೇಕು ಎಂಬುದು ನೆನಪಿರಲಿ. ಅಧಿಕಾರಿಗಳು ದೊಡ್ಡ ಕಾರ್ಖಾನೆಗಳ ಗೇಟಿನಿಂದಲೇ ಹಿಂತಿರುಗದೆ ಗೋದಾಮು, ಹೋಟೆಲು, ಕಲ್ಯಾಣ ಮಂಟಪಗಳ ಹಾಜರಿ ಪುಸ್ತಕವನ್ನೂ ಒಮ್ಮೆ ತಿರುವಿ ಹಾಕಲಿ.

ಅರ್ಧ ದಿನ ದುಡಿದವರಿಗೆ ಅರ್ಧ ಸಂಬಳ, ಒಪ್ಪೋಣ. ಆದರೆ ಕಾಯಿಲೆಯೇನೂ ಅರ್ಧ ಬರುವುದಿಲ್ಲವಲ್ಲ!