ಹತ್ತಿರದ ಡಾಕ್ಟ್ರು, ದೂರದ ಆಸ್ಪತ್ರೆ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಯಾವ ಊರಿಗೆ ಬೇಕಾದರೂ ಹೋಗಿ, ದೊಡ್ಡ ಕಾಯಿಲೆ ಬಂದರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿ ನೋಡಿ. "ಮತ್ತೆಲ್ಲಿಗೆ ಮಾರಾಯ್ರೇ, ಮಂಗಳೂರಿಗೇ" ಎಂಬ ಉತ್ತರ ಬರುತ್ತದೆ. ಮಂಜೇಶ್ವರದಿಂದ ಮಂಗಳೂರಿಗೆ 20 ಚಿಲ್ಲರೆ ಕಿಲೋಮೀಟರು, ಕಾಸರಗೋಡು ಪೇಟೆಯಿಂದ ಸುಮಾರು 50. ತಲಪಾಡಿ ದಾಟಿ ಸ್ವಲ್ಪ ಮುಂದೆ ಹೋದರೆ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು. ತಮ್ಮದೇ ರಾಜ್ಯದ ಪರಿಯಾರಂ ಮೆಡಿಕಲ್ ಕಾಲೇಜಿಗೆ ಕಾಸರಗೋಡಿನಿಂದ ಸುಮಾರು 70 ಕಿ.ಮೀ., ಕಲ್ಲಿಕೋಟೆಗೆ ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಹಾಗಿರುವಾಗ ರೋಗಿಯ ಮುಖ ಉತ್ತರಕ್ಕೆ ತಿರುಗಿದರೆ ಆಶ್ಚರ್ಯವಿಲ್ಲ.

ಆದರೆ ಇದನ್ನು ರೋಗಿಯ ಆಯ್ಕೆ ಎಂದು ಕರೆಯುವುದು ಎಷ್ಟು ಸರಿ? ಡಾಕ್ಟ್ರ ಜ್ಞಾನ, ಕೈಗುಣ, ಹೆಸರು ಇವೆಲ್ಲ ಆಮೇಲಿನ ಮಾತು. ಅದಕ್ಕೂ ಮೊದಲೇ ದಾರಿಯ ಉದ್ದ ಅರ್ಧ ತೀರ್ಮಾನ ಮಾಡಿಬಿಟ್ಟಿರುತ್ತದೆ. ಇದು ಹೊಸದಾಗಿ ಗೊತ್ತಾದ ವಿಷಯವೂ ಅಲ್ಲ. ಅಮೆರಿಕದ ವೈದ್ಯ ಎಡ್ವರ್ಡ್ ಜಾರ್ವಿಸ್ 1850ರ ಸುಮಾರಿಗೇ ಅಲ್ಲಿನ ಮಾನಸಿಕ ಆಸ್ಪತ್ರೆಗಳ ಲೆಕ್ಕ ತೆಗೆದು ನೋಡಿದ್ದರು. ಆಸ್ಪತ್ರೆಯ ಹತ್ತಿರದ ಊರುಗಳಿಂದ ಜನಸಂಖ್ಯೆಗೆ ಹೋಲಿಸಿದರೆ ಹೆಚ್ಚು ರೋಗಿಗಳು ಬರುತ್ತಿದ್ದರು, ದೂರ ಹೋದಂತೆ ಸಂಖ್ಯೆ ಇಳಿಯುತ್ತಿತ್ತು. ದೂರದವರಿಗೆ ಕಾಯಿಲೆ ಕಡಿಮೆ ಎಂದು ಇದರ ಅರ್ಥವಲ್ಲ. ಅವರು ಬರಲಿಲ್ಲ, ಅಷ್ಟೆ.

ನಮ್ಮಲ್ಲೂ ನಡೆಯುವುದು ಇದೇ. ಕಾರು ಇದ್ದವನಿಗೆ 50 ಕಿಲೋಮೀಟರು ಒಂದು ಗಂಟೆಯ ಮಾತು. ಬೀಡಿ ಕಟ್ಟುವ ಹೆಂಗಸಿಗೆ, ತೋಟದ ಕೆಲಸಕ್ಕೆ ಹೋಗುವವನಿಗೆ ಅದು ಒಂದಿಡೀ ದಿನ. ತನ್ನ ಸಂಬಳ ಹೋಯಿತು, ಜೊತೆಗೆ ಬಂದ ಮಗನ ಸಂಬಳವೂ ಹೋಯಿತು. ಬಸ್ಸಿನ ಖರ್ಚು, ಮಧ್ಯಾಹ್ನದ ಊಟ, ಪರೀಕ್ಷೆಯ ರಿಪೋರ್ಟು ಸಂಜೆಗೆ ಸಿಗದಿದ್ದರೆ ಮರುದಿನ ಮತ್ತೆ ಓಟ. ಮೊದಲ ಸಲ ಸಾಲ ಮಾಡಿಯಾದರೂ ಹೋಗುತ್ತಾರೆ. "ತಿಂಗಳು ಬಿಟ್ಟು ಬನ್ನಿ" ಎಂದು ಡಾಕ್ಟ್ರು ಹೇಳಿದ ಎರಡನೇ ಸಲ ಹೋಗುವುದಿಲ್ಲ. ಬಿಪಿಯ ಮಾತ್ರೆ ನಿಲ್ಲುವುದು ಅಲ್ಲಿ, ಸಕ್ಕರೆ ಕಾಯಿಲೆ ಕಾಲಿಗಿಳಿಯುವುದು ಅಲ್ಲಿಂದ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕಾದವರ ಪಾಡು ಹೇಳುವುದೇ ಬೇಡ.

ಗಡಿನಾಡಿನಲ್ಲಿ ದೂರಕ್ಕೆ ಇನ್ನೊಂದು ಅಳತೆಯೂ ಉಂಟು. ಅದು ಭಾಷೆ. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಡಾಕ್ಟ್ರಿಗೆ ತುಳು ತಿಳಿಯದು, ಕನ್ನಡ ತಿಳಿಯದು. ಎದುರು ಕೂತ ಅಜ್ಜಿಗೆ ಮಲಯಾಳ ಬಾರದು. ನೋವು ಎಲ್ಲಿ, ಉರಿಯೋ ಚುಚ್ಚುವುದೋ, ಯಾವಾಗಿನಿಂದ ಎಂಬುದನ್ನು ಮೊಮ್ಮಗಳು ನಡುವೆ ನಿಂತು ಹೇಳಬೇಕು. ಮೊಮ್ಮಗಳ ಎದುರು ಹೇಳಲಾಗದ ತೊಂದರೆಯಾದರೆ? ಮನೆಯಿಂದ ಎರಡೇ ಮೈಲು ದೂರದ ಸರಕಾರಿ ಆಸ್ಪತ್ರೆ ಅಂಥವರಿಗೆ ಮಂಗಳೂರಿಗಿಂತ ದೂರ. ಮಾತು ತಿಳಿಯುವ ಡಾಕ್ಟ್ರನ್ನು ಹುಡುಕಿ ಅವರು ಬಸ್ಸು ಹತ್ತುತ್ತಾರೆ. ಇದನ್ನು ಮೊಂಡುತನ ಎನ್ನಬಾರದು.

ಹೀಗೆ ಬೇರೆ ರಾಜ್ಯದ ಆಸ್ಪತ್ರೆಯನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದನ್ನು 2020ರ ಮಾರ್ಚ್ ತೋರಿಸಿಕೊಟ್ಟಿತು. ಕೊರೋನಾ ಕಾರಣ ಹೇಳಿ ಕರ್ನಾಟಕ ಗಡಿ ಮುಚ್ಚಿತು, ರಸ್ತೆಗಳಿಗೆ ಮಣ್ಣು ಬಿತ್ತು. ತಲಪಾಡಿಯಲ್ಲಿ ಆಂಬ್ಯುಲೆನ್ಸುಗಳು ಹಿಂದಿರುಗಿದವು, ಹಲವು ರೋಗಿಗಳು ಪ್ರಾಣ ಕಳಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆದೇಶ ನೀಡಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ತುರ್ತು ರೋಗಿಗಳನ್ನು ಬಿಡಲು ಎರಡೂ ಸರಕಾರ ಒಪ್ಪಿವೆ ಎಂದು ಕೇಂದ್ರ ತಿಳಿಸಿದ್ದು ಏಪ್ರಿಲ್ 7ಕ್ಕೆ. ಅಷ್ಟು ದಿನ ಆ 20 ಕಿಲೋಮೀಟರು ದಾಟಲಾಗದ ಸಮುದ್ರವಾಗಿತ್ತು. ವೈರಾಣು ತಡೆಯುವ ಕಾಳಜಿ ತಪ್ಪಲ್ಲ. ಹೃದಯಾಘಾತವಾದವನನ್ನೂ ಅದೇ ತಕ್ಕಡಿಯಲ್ಲಿ ತೂಗಿದ್ದು ತಪ್ಪು. ಈ ಮಾತನ್ನು ಕರ್ನಾಟಕದ ಪತ್ರಿಕೆಯಲ್ಲಿ, ಕನ್ನಡಿಗನಾಗಿ ಹೇಳಲು ನನಗೆ ಸಂಕೋಚವಿಲ್ಲ.

ಹಾಗಾದರೆ ಇನ್ನಷ್ಟು ದೊಡ್ಡ ಆಸ್ಪತ್ರೆಗಳೇ ಪರಿಹಾರವೇ? ಬೇಕು, ಆದರೆ ಅದೊಂದೇ ಸಾಲದು. ಎಣ್ಮಕಜೆ ಪಂಚಾಯತಿನ ಪಡ್ರೆಯ ಕಥೆ ನೆನಪಿಸಿಕೊಳ್ಳಿ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲದಲ್ಲಿ, ತನ್ನ ಸುತ್ತಲ ಮನೆಗಳಲ್ಲಿ ವಿಚಿತ್ರ ಕಾಯಿಲೆಗಳು ಗುಂಪಾಗಿ ಕಾಣುತ್ತಿವೆ ಎಂದು ಗಮನಿಸಿ ಬರೆದವರು ಯಾರು? ಅದೇ ಊರಿನಲ್ಲಿ ಮದ್ದು ಕೊಡುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್. ಆ ರೋಗಿಗಳು ಒಬ್ಬೊಬ್ಬರಾಗಿ ಬೇರೆ ಬೇರೆ ದೊಡ್ಡ ಆಸ್ಪತ್ರೆಗೆ ಹೋಗಿದ್ದರೆ ಅಲ್ಲಿ ಅವರು ಒಂದೊಂದು ಫೈಲು ಮಾತ್ರ. ಮನೆ, ತೋಟ, ನೀರು, ಅಪ್ಪ, ಅಜ್ಜ ಎಲ್ಲ ಗೊತ್ತಿದ್ದ ಡಾಕ್ಟ್ರಿಗೆ ಅದು ಒಂದು ಊರಿನ ಕಾಯಿಲೆಯಾಗಿ ಕಂಡಿತು. ಆ ಕೀಟನಾಶಕಕ್ಕೆ 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ತಡೆ ಹಾಕಿತು.

ಹತ್ತಿರದ ಡಾಕ್ಟ್ರ ಬೆಲೆ ಅದು. ಅನುಕೂಲಸ್ಥರೆಲ್ಲ ಸಣ್ಣ ಜ್ವರಕ್ಕೂ ಮಂಗಳೂರಿಗೆ ಹಾರಿದರೆ ಊರಿನ ಕ್ಲಿನಿಕ್ಕಿನ ಬೆಂಚು ಖಾಲಿಯಾಗುತ್ತದೆ, ಡಾಕ್ಟ್ರು ಪೇಟೆ ಸೇರುತ್ತಾರೆ, ಮದ್ದಿನಂಗಡಿ ಬಾಗಿಲು ಹಾಕುತ್ತದೆ. ಬಸ್ಸಿನ ದುಡ್ಡಿಲ್ಲದವನಿಗೆ ಉಳಿಯುವುದು ಮೊದಲಿಗಿಂತಲೂ ಉದ್ದದ ದಾರಿ. ಉಳ್ಳವರ ಆಯ್ಕೆ ಇಲ್ಲದವರ ದೂರವನ್ನು ಹೆಚ್ಚಿಸುತ್ತದೆ ಎಂಬುದನ್ನು ನಾವು ಯೋಚಿಸಿದ್ದೇವೆಯೇ?

ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರ ನವೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಇಷ್ಟು ವರ್ಷ ಕಾದ ಜನರಿಗೆ ಇನ್ನು ಕಟ್ಟಡ ತೋರಿಸಿದರೆ ಸಾಲದು, ಎಲ್ಲ ವಿಭಾಗದ ತಜ್ಞರು ಅಲ್ಲಿ ಇರಬೇಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ಚೀಟಿ ಬರೆಯುವಲ್ಲಿಂದ ಮದ್ದು ಕೊಡುವಲ್ಲಿವರೆಗೆ ಕನ್ನಡ, ತುಳು ಬಲ್ಲವರು ಬೇಕು. ಇದು ಭಾಷಾಭಿಮಾನದ ಬೇಡಿಕೆಯಲ್ಲ, ಚಿಕಿತ್ಸೆಯದೇ ಒಂದು ಭಾಗ. ತುರ್ತು ರೋಗಿಯನ್ನು ಯಾವ ಕಾಲಕ್ಕೂ ಗಡಿಯಲ್ಲಿ ತಡೆಯುವುದಿಲ್ಲ ಎಂಬ ಲಿಖಿತ ಒಪ್ಪಂದ ಎರಡು ರಾಜ್ಯಗಳ ನಡುವೆ ಶಾಶ್ವತವಾಗಿ ಇರಲಿ. ಮಂಗಳೂರಿನ ಆಸ್ಪತ್ರೆಗಳು ಕೂಡ ರೋಗಿಯನ್ನು ಬಿಡುವಾಗ ಊರಿನ ಡಾಕ್ಟ್ರಿಗೆ ಎರಡು ಸಾಲು ಬರೆದು ಕೊಡಲಿ. ಮುಂದಿನ ತಪಾಸಣೆ ಅಲ್ಲೇ ಆದರೆ ಬಡವನಿಗೆ ಒಂದು ದಿನದ ಕೂಲಿ ಉಳಿಯುತ್ತದೆ.

ಓದುಗರಲ್ಲಿಯೂ ನನ್ನದೊಂದು ವಿನಂತಿ. ದೊಡ್ಡ ಕಾಯಿಲೆಗೆ ದೊಡ್ಡ ಆಸ್ಪತ್ರೆಗೆ ಖಂಡಿತ ಹೋಗಿ. ಹೋಗುವ ಮೊದಲು ಊರಿನ ಡಾಕ್ಟ್ರಿಗೆ ಒಮ್ಮೆ ತೋರಿಸಿ, ಬಂದ ಮೇಲೆ ಫೈಲು ಹಿಡಿದು ಮತ್ತೆ ಅವರಲ್ಲಿಗೇ ಹೋಗಿ. ಮಧ್ಯರಾತ್ರಿ ಎದೆ ಹಿಡಿದುಕೊಂಡಾಗ ಮೊದಲು ಬಾಗಿಲು ತೆರೆಯಬೇಕಾದವರು ಅವರೇ.