ಸ್ಲೈಡಿನೊಳಗಿನ ಎಕ್ಸೆಲ್ ಹಾಳೆಗೆ ಜೀವವಿರಲಿ

ಬೋಧನಾಭ್ಯಾಸದ ಅವಧಿಯಲ್ಲಿ ಗಣಿತ ಮತ್ತು ವಿಜ್ಞಾನದ ಪಾಠಗಳಿಗೆ ನಾವು ಪ್ರಶಿಕ್ಷಣಾರ್ಥಿಗಳು ಹೆಚ್ಚು ನೆಚ್ಚಿಕೊಳ್ಳುವ ಬೋಧನೋಪಕರಣ ಎಂದರೆ ಪವರ್‌ಪಾಯಿಂಟ್. ಅದರಲ್ಲಿ ಅಂಕಿ-ಅಂಶಗಳ ಕೋಷ್ಟಕ ಬೇಕಾದಾಗ ನಮ್ಮಲ್ಲಿ ಅನೇಕರು ಅನುಸರಿಸುವ ದಾರಿ ಒಂದೇ. ಎಕ್ಸೆಲ್‌ನಲ್ಲಿ ಲೆಕ್ಕ ಮಾಡಿ, ಸ್ಕ್ರೀನ್‌ಶಾಟ್ ತೆಗೆದು, ಸ್ಲೈಡಿಗೆ ಅಂಟಿಸುವುದು. ನೋಡಲು ಅಚ್ಚುಕಟ್ಟಾಗಿರುತ್ತದೆ. ವೀಕ್ಷಣಾ ನಮೂನೆಯಲ್ಲಿ ಬೋಧನೋಪಕರಣದ ಬಳಕೆಗೆ ಮೀಸಲಾದ ಅಂಕವೂ ಸಿಗುತ್ತದೆ. ಆದರೆ ತರಗತಿಯ ಮಕ್ಕಳಿಗೆ ಅದರಿಂದ ಸಿಗುವುದು ಬಹಳ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಸ್ಪ್ರೆಡ್‌ಶೀಟನ್ನು ಬೇರೊಂದು ತಂತ್ರಾಂಶದೊಳಗೆ ತೋರಿಸುವಾಗ ಎರಡು ಸಂಗತಿಗಳು ಉಳಿಯಬೇಕು: ಅಂಕಿಯ ಹಿಂದಿರುವ ಸೂತ್ರ ಮಕ್ಕಳ ಕಣ್ಣಿಗೆ ಬೀಳಬೇಕು, ಮತ್ತು ಒಂದು ಅಂಕಿಯನ್ನಾದರೂ ಮಗು ಬದಲಿಸಿ ನೋಡಲು ಆಗಬೇಕು. ಇವೆರಡೂ ಇಲ್ಲವೆಂದಾದರೆ ಪ್ರೊಜೆಕ್ಟರಿಗಿಂತ ಕಪ್ಪುಹಲಗೆಯೇ ಮೇಲು.

ಕಪ್ಪುಹಲಗೆಯನ್ನು ಹೆಸರಿಸಲು ಕಾರಣವಿದೆ. ಸ್ಪ್ರೆಡ್‌ಶೀಟ್ ತಂತ್ರಾಂಶದ ಕಲ್ಪನೆ ಮೂಡಿದ್ದೇ ತರಗತಿಯ ಹಲಗೆಯ ಮುಂದೆ. 1978ರಲ್ಲಿ ಡಾನ್ ಬ್ರಿಕ್ಲಿನ್ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿ. ಪ್ರಾಧ್ಯಾಪಕರು ಹಲಗೆಯ ಮೇಲೆ ಲೆಕ್ಕದ ಕೋಷ್ಟಕ ಬರೆಯುತ್ತಿದ್ದರು. ಒಂದು ಅಂಕಿಯನ್ನು ತಿದ್ದಿದರೆ ಅದನ್ನು ಅವಲಂಬಿಸಿದ ಅಂಕಿಗಳನ್ನೆಲ್ಲ ಒಂದೊಂದಾಗಿ ಅಳಿಸಿ ಮತ್ತೆ ಬರೆಯಬೇಕಾಗುತ್ತಿತ್ತು. ಆ ಅಳಿಸಿ ಬರೆಯುವ ಕೆಲಸವನ್ನು ಕಂಪ್ಯೂಟರೇ ಮಾಡಿದರೆ ಹೇಗೆ ಎಂಬ ಯೋಚನೆ ಅವರಿಗೆ ಹೊಳೆಯಿತು. ಬಾಬ್ ಫ್ರಾಂಕ್‌ಸ್ಟನ್ ಜೊತೆಗೂಡಿ ಅವರು ರೂಪಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂತು. ಒಂದನ್ನು ಬದಲಿಸಿದರೆ ಉಳಿದದ್ದು ತಾನಾಗಿ ಬದಲಾಗುವುದೇ ಈ ಸಾಧನದ ಪ್ರಾಣ. ಅದರ ಸ್ಕ್ರೀನ್‌ಶಾಟ್ ತೆಗೆದಾಗ ನಾವು ತೆಗೆದುಹಾಕುವುದು ಆ ಪ್ರಾಣವನ್ನೇ.

ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಪಾಠವನ್ನೇ ತೆಗೆದುಕೊಳ್ಳೋಣ. ಐದು ಜನರ ದಿನದ ಸಂಪಾದನೆ ರೂಪಾಯಿಗಳಲ್ಲಿ 400, 450, 500, 550, 600 ಎಂದಿರಲಿ. ಸರಾಸರಿ 500, ಮಧ್ಯಾಂಕವೂ 500. ಇದನ್ನು ಚಿತ್ರವಾಗಿ ತೋರಿಸಿದರೆ ಮಕ್ಕಳು ಎರಡೂ ಒಂದೇ ಎಂದು ಬರೆದುಕೊಂಡು ಮುಂದಿನ ಸ್ಲೈಡಿಗೆ ಕಾಯುತ್ತಾರೆ. ಅದೇ ಕೋಷ್ಟಕ ಜೀವಂತವಾಗಿದ್ದರೆ ಒಬ್ಬ ವಿದ್ಯಾರ್ಥಿನಿಯನ್ನು ಮುಂದೆ ಕರೆದು, 600 ಇರುವ ಕಡೆ ಒಬ್ಬ ದೊಡ್ಡ ಗುತ್ತಿಗೆದಾರನ ಸಂಪಾದನೆಯನ್ನು, ಅಂದರೆ 5600 ಎಂದು ಟೈಪ್ ಮಾಡಲು ಹೇಳಬಹುದು. ಸರಾಸರಿ ಕಣ್ಣೆದುರೇ 1500ಕ್ಕೆ ಜಿಗಿಯುತ್ತದೆ. ಮಧ್ಯಾಂಕ 500ರಲ್ಲೇ ಉಳಿಯುತ್ತದೆ. ಉಳಿದ ನಾಲ್ವರ ಕೂಲಿ ಒಂದು ರೂಪಾಯಿಯೂ ಹೆಚ್ಚಿಲ್ಲ, ಆದರೂ ‘ಸರಾಸರಿ ಆದಾಯ’ ಮೂರು ಪಟ್ಟು ಆಯಿತಲ್ಲ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. 5ಇ ಮಾದರಿಯ ಪಾಠಯೋಜನೆಯಲ್ಲಿ ನಾವು ‘ಅನ್ವೇಷಣೆ’ ಎಂದು ಬರೆಯುವ ಹಂತ ನಿಜವಾಗಿ ನಡೆಯುವುದು ಅಲ್ಲಿ. ಸರಾಸರಿಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಅರ್ಧ ನಿಮಿಷ ಹೆಚ್ಚು ಕಲಿಸುತ್ತದೆ.

ಎರಡನೆಯ ಕಾರಣ ಇನ್ನೂ ಗಂಭೀರವಾದದ್ದು. ಸೆಲ್‌ನಲ್ಲಿ ಕಾಣುವ ಅಂಕಿಯೇ ಸೆಲ್‌ನಲ್ಲಿರುವ ಅಂಕಿ ಆಗಿರಬೇಕೆಂದಿಲ್ಲ. ಒಬ್ಬ ವಿದ್ಯಾರ್ಥಿಯ ಹಲವು ಪರೀಕ್ಷೆಗಳ ಸರಾಸರಿ 34.6 ಬಂದಿದೆ ಎಂದುಕೊಳ್ಳಿ. ದಶಮಾಂಶ ಬೇಡವೆಂದು ಫಾರ್ಮ್ಯಾಟ್ ಬದಲಿಸಿದರೆ ಪರದೆಯ ಮೇಲೆ 35 ಕಾಣುತ್ತದೆ. ಆದರೆ ಒಳಗಿರುವುದು 34.6. ಪಕ್ಕದ ಕಾಲಂನಲ್ಲಿ ‘35 ಅಥವಾ ಹೆಚ್ಚಿದ್ದರೆ ಉತ್ತೀರ್ಣ’ ಎಂಬ ಸೂತ್ರವಿದ್ದರೆ ಆ ಮಗುವಿನ ಮುಂದೆ ‘ಅನುತ್ತೀರ್ಣ’ ಎಂದು ಬರುತ್ತದೆ. 35 ಪಡೆದ ಮಗು ಅನುತ್ತೀರ್ಣ! ಚಿತ್ರವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಇದರ ಕಾರಣ ತಿಳಿಯದು. ಹಾಗೆಯೇ ಗೈರುಹಾಜರಾದವರ ಸೆಲ್ ಖಾಲಿ ಬಿಟ್ಟರೆ ಎಕ್ಸೆಲ್‌ನ ಸರಾಸರಿ ಸೂತ್ರ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸೊನ್ನೆ ಹಾಕಿದರೆ ತೆಗೆದುಕೊಳ್ಳುತ್ತದೆ. ನಾಲ್ವರಿಗೆ 16, 14, 15, 15 ಬಂದು ಐದನೆಯವರು ಬಾರದಿದ್ದರೆ ತರಗತಿಯ ಸರಾಸರಿ 15 ಆಗಬಹುದು, 12 ಕೂಡ ಆಗಬಹುದು. ಸಾಧನಾ ಪರೀಕ್ಷೆಯ ವಿಶ್ಲೇಷಣೆಯನ್ನು ವಿಚಾರಗೋಷ್ಠಿಯಲ್ಲಿ ಸ್ಲೈಡಿನ ಮೇಲೆ ಮಂಡಿಸುವ ನಮಗೆ ಇದು ದೂರದ ಮಾತಲ್ಲ. ಆ ಸರಾಸರಿಯನ್ನು ನಂಬಿಯೇ ನಾವು ಪರಿಹಾರ ಬೋಧನೆ ಯಾರಿಗೆ ಬೇಕೆಂದು ತೀರ್ಮಾನಿಸುತ್ತೇವೆ.

ಸೂತ್ರ ಕಂಡರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗೋಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು 2010ರಲ್ಲಿ ದೇಶಗಳ ಸಾಲ ಮತ್ತು ಬೆಳವಣಿಗೆಯ ಸಂಬಂಧ ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಸಾಲವು ಒಟ್ಟು ದೇಶೀಯ ಉತ್ಪನ್ನದ ಶೇ. 90 ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಶೇ. -0.1 ಎಂದು ಅದು ಹೇಳಿತ್ತು. ಸರ್ಕಾರಿ ಖರ್ಚು ಕಡಿತ ಮಾಡಬೇಕೆನ್ನುವವರು ಅದನ್ನು ಹಲವೆಡೆ ಆಧಾರವಾಗಿ ಮುಂದಿಟ್ಟರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕೇಂದ್ರದ ಸಂಶೋಧನಾ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ತರಗತಿಯ ಅಭ್ಯಾಸಕ್ಕಾಗಿ ಅದೇ ಲೆಕ್ಕವನ್ನು ಮತ್ತೆ ಮಾಡಲು ಹೊರಟರು. ಉತ್ತರ ಹೊಂದಲಿಲ್ಲ. ಲೇಖಕರಿಂದ ಮೂಲ ಸ್ಪ್ರೆಡ್‌ಶೀಟ್ ಪಡೆದು ನೋಡಿದಾಗ, ಸರಾಸರಿಯ ಸೂತ್ರ 30ರಿಂದ 49ನೇ ಸಾಲಿನವರೆಗೆ ಹೋಗುವ ಬದಲು 44ಕ್ಕೇ ನಿಂತಿತ್ತು. ಐದು ದೇಶಗಳು ಬಿಟ್ಟುಹೋಗಿದ್ದವು. ಕೆಲವು ವರ್ಷಗಳ ಅಂಕಿಗಳನ್ನು ಕೈಬಿಟ್ಟದ್ದು, ದೇಶಗಳಿಗೆ ತೂಕ ಕೊಟ್ಟ ರೀತಿ, ಈ ತಕರಾರುಗಳನ್ನೂ ಸೇರಿಸಿ 2013ರಲ್ಲಿ ಹರ್ನ್‌ಡನ್ ಮತ್ತು ಅವರ ಇಬ್ಬರು ಪ್ರಾಧ್ಯಾಪಕರು ಲೆಕ್ಕ ಹಾಕಿದಾಗ ಸರಾಸರಿ ಶೇ. 2.2 ಬಂತು. ಸೂತ್ರದ ತಪ್ಪನ್ನು ಲೇಖಕರು ಒಪ್ಪಿಕೊಂಡರು, ತಮ್ಮ ಒಟ್ಟು ನಿಲುವನ್ನು ಬಿಡಲಿಲ್ಲ. ಅರ್ಥಶಾಸ್ತ್ರದ ವಾದ ಹಾಗಿರಲಿ. ನಮಗೆ ಇದರಲ್ಲಿರುವ ಪಾಠ ಬೇರೆ: ಅಚ್ಚಾದ ಕೋಷ್ಟಕದಲ್ಲಿ ಕಾಣದ ತಪ್ಪು, ಹಾಳೆ ಕೈಗೆ ಬಂದಾಗ ಒಬ್ಬ ವಿದ್ಯಾರ್ಥಿಗೆ ಕಂಡಿತು. ನಮ್ಮ ತರಗತಿಯ ಮಗುವಿಗೂ ‘ಈ ಅಂಕಿ ಎಲ್ಲಿಂದ ಬಂತು?’ ಎಂದು ಕೇಳುವ ಅಭ್ಯಾಸ ಆಗಬೇಕಾದರೆ ಮೊದಲು ನಾವು ಅದನ್ನು ತೋರಿಸಬೇಕು.

ಇನ್ನು ತೋರಿಸುವ ಬಗೆ. ಪವರ್‌ಪಾಯಿಂಟ್‌ನ ಇನ್ಸರ್ಟ್ ಮೆನುವಿನಲ್ಲಿರುವ ಆಬ್ಜೆಕ್ಟ್ ಮೂಲಕ ಎಕ್ಸೆಲ್ ಕಡತವನ್ನೇ ಸ್ಲೈಡಿಗೆ ಸೇರಿಸಬಹುದು. ಲಿಬ್ರೆ ಆಫೀಸಿನ ಇಂಪ್ರೆಸ್‌ನಲ್ಲೂ ಈ ಸೌಲಭ್ಯವಿದೆ. ಸ್ಲೈಡಿನಲ್ಲಿ ಮೇಲ್ನೋಟಕ್ಕೆ ಕಾಣುವುದು ಆಗಲೂ ಚಿತ್ರವೇ. ಅದರ ಹಿಂದೆ ಹಾಳೆ ಕುಳಿತಿರುತ್ತದೆ. ಎರಡು ಬಾರಿ ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತದೆ. ಇಲ್ಲಿ ಒಂದು ತೊಡಕು: ಸ್ಲೈಡ್ ಶೋ ನಡೆಯುತ್ತಿರುವಾಗ ಹಾಗೆ ತೆರೆದು ಅಲ್ಲೇ ತಿದ್ದಲು ಆಗುವುದಿಲ್ಲ, ಅದರಿಂದ ಹೊರಬಂದು ಸ್ಲೈಡ್ ತಯಾರಿಸುವ ಪರದೆಯಲ್ಲಿ ತೆರೆಯಬೇಕು. ‘ಲಿಂಕ್’ ಆಯ್ಕೆ ಮಾಡಿದರೆ ಕಡತ ಒಳಗೆ ಸೇರುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಸೇರುತ್ತದೆ. ಪೆನ್‌ಡ್ರೈವ್‌ನಲ್ಲಿ ಸ್ಲೈಡುಗಳನ್ನಷ್ಟೇ ಹಾಕಿಕೊಂಡು ಶಾಲೆಗೆ ಹೋದರೆ ಅಲ್ಲಿ ಹಳೆಯ ಚಿತ್ರವೇ ಗತಿ. ಇವೆಲ್ಲಕ್ಕಿಂತ ಸರಳ ಉಪಾಯವೆಂದರೆ ಎಕ್ಸೆಲ್ ಅಥವಾ ಕ್ಯಾಲ್ಕ್ ಕಿಟಕಿಯನ್ನು ಪರದೆಯ ಒಂದು ಪಕ್ಕದಲ್ಲೂ ಸ್ಲೈಡನ್ನು ಇನ್ನೊಂದು ಪಕ್ಕದಲ್ಲೂ ಇಟ್ಟುಕೊಳ್ಳುವುದು. ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಟ್ಯಾಬ್‌ನ ಮೇಲಿರುವ ಕೀಲಿಯನ್ನು ಒತ್ತಿದರೆ ಹಾಳೆಯ ಎಲ್ಲ ಸೂತ್ರಗಳೂ ಕಾಣುತ್ತವೆ, ಮತ್ತೆ ಒತ್ತಿದರೆ ಅಂಕಿಗಳು ಮರಳುತ್ತವೆ.

ಗಣಿತ, ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗೆ ನಾನು ಹೆಚ್ಚು ಶಿಫಾರಸು ಮಾಡುವುದು ಜಿಯೋಜೀಬ್ರಾವನ್ನು. ಅದರ ಒಂದೇ ಕಿಟಕಿಯಲ್ಲಿ ಸ್ಪ್ರೆಡ್‌ಶೀಟ್ ಮತ್ತು ನಕ್ಷೆ ಅಕ್ಕಪಕ್ಕ ಇರುತ್ತವೆ. ನೈಕ್ರೋಮ್ ತಂತಿಯ ಪ್ರಯೋಗದಲ್ಲಿ ಬಂದ ವೋಲ್ಟೇಜ್ ಮತ್ತು ವಿದ್ಯುತ್ ಪ್ರವಾಹದ ಅಳತೆಗಳನ್ನು ಸೆಲ್‌ಗಳಿಗೆ ತುಂಬಿ, ಅವುಗಳಿಂದ ಬಿಂದುಗಳನ್ನು ಮಾಡಿಸಬಹುದು. ಒಂದು ಅಳತೆಯನ್ನು ತಿದ್ದಿದರೆ ನಕ್ಷೆಯ ಬಿಂದು ಸರಿಯುತ್ತದೆ. ಯಾವ ತಂಡದ ಅಳತೆ ಸರಳರೇಖೆಯಿಂದ ದೂರ ಬಿದ್ದಿದೆ ಎಂದು ಮಕ್ಕಳೇ ಗುರುತಿಸುತ್ತಾರೆ. ಎಕ್ಸೆಲ್‌ನಿಂದ ನಕಲಿಸಿ ಇದರೊಳಗೆ ಅಂಟಿಸಿದರೆ ಬರುವುದು ಅಂಕಿಗಳಷ್ಟೇ. ಸೂತ್ರವನ್ನು ಇಲ್ಲಿ ಹೊಸದಾಗಿ ಬರೆಯಬೇಕು. ಅದನ್ನೂ ಮಕ್ಕಳ ಮುಂದೆಯೇ ಬರೆದರೆ ಒಳ್ಳೆಯದು.

ಕನ್ನಡ ಮಾಧ್ಯಮದ ಶಾಲೆಗೆ ಹೋಗುವವರು ಅಕ್ಷರದ ವಿಷಯದಲ್ಲೂ ಎಚ್ಚರ ವಹಿಸಬೇಕು. ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹಾಳೆಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಬರುತ್ತವೆ. ಶೀರ್ಷಿಕೆಗಳನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಈ ಕಾಟವಿಲ್ಲ.

ಜೀವಂತ ಹಾಳೆಯ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ಅಪಾಯವನ್ನೂ ಹೇಳಲೇಬೇಕು. ಎಕ್ಸೆಲ್ ಕಡತವನ್ನು ಸ್ಲೈಡಿಗೆ ಸೇರಿಸಿದಾಗ ಕಾಣುವುದು ಐದು ಸಾಲುಗಳಾದರೂ ಒಳಗೆ ಹೋಗುವುದು ಇಡೀ ಕಡತ. ಅದರ ಬೇರೆ ಹಾಳೆಗಳಲ್ಲಿ ಮಕ್ಕಳ ಹೆಸರು, ಜಾತಿ, ಪೋಷಕರ ವರಮಾನ, ಮೊಬೈಲ್ ಸಂಖ್ಯೆ ಇದ್ದರೆ ಅವೂ ಹೋಗುತ್ತವೆ. ಆ ಸ್ಲೈಡುಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿದ ಕ್ಷಣ, ಶಾಲೆ ನಮ್ಮನ್ನು ನಂಬಿ ಕೊಟ್ಟ ಮಾಹಿತಿ ಊರಿಗೆಲ್ಲ ಹಂಚಿದಂತೆ. ಆದ್ದರಿಂದ ಶಾಲೆಯ ಅಂಕಪಟ್ಟಿಯ ಕಡತವನ್ನು ಎಂದಿಗೂ ನೇರವಾಗಿ ಸೇರಿಸಬಾರದು. ಪಾಠಕ್ಕೆ ಬೇಕಾದ ಅಂಕಿಗಳನ್ನು ಮಾತ್ರ, ಹೆಸರುಗಳಿಲ್ಲದೆ, ಹೊಸ ಕಡತದಲ್ಲಿ ಬರೆದುಕೊಂಡು ಅದನ್ನು ಬಳಸಬೇಕು. ಅಂಕಪಟ್ಟಿಯನ್ನೇ ಹಂಚುವ ಅಗತ್ಯ ಬಂದರೆ, ಆಗ ಮಾತ್ರ, ಹೆಸರು ತೆಗೆದ ಚಿತ್ರವೇ ಸರಿ.

ಹಿರಿಯ ಉಪನ್ಯಾಸಕರು ಎತ್ತಬಹುದಾದ ಆಕ್ಷೇಪಗಳನ್ನು ನಾನು ಊಹಿಸಬಲ್ಲೆ. ನಲವತ್ತು ನಿಮಿಷದ ಅವಧಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ? ಕರೆಂಟ್ ಹೋದರೆ? ಹಿಂದಿನ ಬೆಂಚಿನವರಿಗೆ ಸೆಲ್‌ಗಳು ಕಂಡಾವೇ? ಮೂರೂ ನ್ಯಾಯವಾದ ಪ್ರಶ್ನೆಗಳು. ಐದಾರು ಸಾಲುಗಳ ಚಿಕ್ಕ ಕೋಷ್ಟಕ ಮಾಡಿ ಜೂಮ್ ಹೆಚ್ಚಿಸಿದರೆ ಹಿಂದಿನವರಿಗೂ ಕಾಣುತ್ತದೆ. ನಲವತ್ತು ಸಾಲುಗಳ ಕೋಷ್ಟಕ ಚಿತ್ರವಾಗಿದ್ದರೂ ಕಾಣದು. ಬದಲಿಸುವುದು ಒಂದೋ ಎರಡೋ ಅಂಕಿಯಾದರೆ ಐದು ನಿಮಿಷ ಸಾಕು, ಆ ಐದು ನಿಮಿಷವನ್ನು ಮೂರು ಸ್ಲೈಡ್ ಕಡಿಮೆ ಮಾಡಿ ಗಳಿಸಬಹುದು. ಕರೆಂಟ್ ಹೋದರೆ ಅದೇ ಐದು ಅಂಕಿಗಳನ್ನು ಹಲಗೆಯ ಮೇಲೆ ಬರೆದು, ಒಂದನ್ನು ಅಳಿಸಿ, ‘ಇನ್ನು ಯಾವುದೆಲ್ಲ ಬದಲಾಗಬೇಕು?’ ಎಂದು ಕೇಳಬಹುದು. ಬ್ರಿಕ್ಲಿನ್ ಅವರ ಪ್ರಾಧ್ಯಾಪಕರು ಮಾಡುತ್ತಿದ್ದುದೂ ಅದನ್ನೇ.

ನಮ್ಮ ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ. ವೀಕ್ಷಣಾ ನಮೂನೆಯಲ್ಲಿ ಬೋಧನೋಪಕರಣದ ಅಂಶ ಈಗ ಕೇಳುವುದು ಉಪಕರಣ ಇತ್ತೇ, ಸ್ಪಷ್ಟವಾಗಿತ್ತೇ, ಆಕರ್ಷಕವಾಗಿತ್ತೇ ಎಂದು. ಹಾಗೆ ಕೇಳಿದರೆ ನಾವು ಆಕರ್ಷಕ ಚಿತ್ರಗಳನ್ನೇ ತರುತ್ತೇವೆ, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅದಕ್ಕೆ ಇನ್ನೊಂದು ಪ್ರಶ್ನೆ ಸೇರಲಿ: ‘ಕೋಷ್ಟಕದಲ್ಲಿ ವಿದ್ಯಾರ್ಥಿಗಳು ಏನನ್ನು ಬದಲಿಸಿದರು, ಬದಲಿಸಿದಾಗ ಏನನ್ನು ಗಮನಿಸಿದರು?’ ಈ ಒಂದು ಸಾಲು ಸೇರಿದರೆ ಮುಂದಿನ ಬೋಧನಾಭ್ಯಾಸದಲ್ಲಿ ನಮ್ಮ ಪಾಠಯೋಜನೆಗಳು ತಾವಾಗಿಯೇ ಬದಲಾಗುತ್ತವೆ.