ಹದಿಹರೆಯದವರ ಕೈಗೆ ಇಂಥ ಕಾದಂಬರಿ ಸಿಗಲಿ



ಅಮೆರಿಕದ ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಸ್ಪೀಕ್’ (1999) ಕಾದಂಬರಿಯನ್ನು ಈಚೆಗೆ ಓದಿದೆ. ಒಂಬತ್ತನೇ ತರಗತಿಗೆ ಸೇರುವ ಮುನ್ನ ಪಾರ್ಟಿಯೊಂದರಲ್ಲಿ ಅತ್ಯಾಚಾರಕ್ಕೊಳಗಾದ ಮೆಲಿಂಡಾ ಮಾತನ್ನೇ ಕಳೆದುಕೊಳ್ಳುತ್ತಾಳೆ. ಪೊಲೀಸರಿಗೆ ಫೋನ್ ಮಾಡಿದಳೆಂದು ಗೆಳತಿಯರೇ ಅವಳನ್ನು ದೂರ ಮಾಡುತ್ತಾರೆ. ಏಕೆ ಮಾಡಿದೆ ಎಂದು ಕೇಳುವವರಿಲ್ಲ. ಚಿತ್ರಕಲಾ ಮೇಷ್ಟ್ರು ವರ್ಷವಿಡೀ ಮರವನ್ನೇ ಬಿಡಿಸಲು ಹೇಳುತ್ತಾರೆ. ಗೀಚಿ, ಕೆತ್ತಿ, ಕೆಡಿಸುತ್ತಲೇ ಅವಳು ಮೆಲ್ಲನೆ ಮಾತಿಗೆ ಮರಳುತ್ತಾಳೆ. ಆ ಚೇತರಿಕೆಯನ್ನು ಲೇಖಕಿ ಎಲ್ಲಿಯೂ ಅವಸರದಲ್ಲಿ ಮುಗಿಸಿಲ್ಲ. ಪುಸ್ತಕದ ದೊಡ್ಡತನ ಇರುವುದು ಅಲ್ಲೇ.

ನಾನು ಪಾಠ ಮಾಡುವ ಪ್ರೌಢಶಾಲೆಯ ಕಪಾಟಿನಲ್ಲಿ ನೀತಿಕಥೆಗಳಿವೆ, ಮಹನೀಯರ ಜೀವನಚರಿತ್ರೆಗಳಿವೆ. ಇಂಥದ್ದು ಒಂದೂ ಇಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರಿಂದ ಇದೆ, ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಶಾಲೆಯ ಗೋಡೆಯ ಮೇಲಿದೆ. ಆದರೆ ನೊಂದ ಮಗುವಿಗೆ ಬಾಯಿ ಬಿಡುವ ಧೈರ್ಯ ಗೋಡೆಬರಹದಿಂದಷ್ಟೇ ಬಾರದು. ತನ್ನಂಥವಳ ಕಥೆ ಓದಿದರೆ ಬಂದೀತು.

ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇಂಥ ಕೃತಿಗಳನ್ನು ಕನ್ನಡಕ್ಕೆ ತರಲಿ, ನಮ್ಮ ಲೇಖಕರೂ ಈ ವಯಸ್ಸಿನವರಿಗಾಗಿ ಬರೆಯಲಿ. ಅವನ್ನು ಪ್ರೌಢಶಾಲೆಗಳಿಗೆ ತಲುಪಿಸಬೇಕೆಂದು ಶಿಕ್ಷಣ ಇಲಾಖೆಯಲ್ಲಿ ವಿನಂತಿಸುತ್ತೇನೆ.

– ಪ್ರೌಢಶಾಲಾ ಶಿಕ್ಷಕಿ, ಶಿರಸಿ